2026ರ ಏಪ್ರಿಲ್‌ಗೆ ಹಾಲೆಂಡ್: ಅಪ್ಪ-ಆಯಿಗೆ ಟ್ಯೂಲಿಪ್ ಗದ್ದೆ ತೋರಿಸಬೇಕು, ಯಾವ ವಾರ ಸರಿ?

ಶಿರಸಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾವಿರೋದು ಐಂಡ್‌ಹೋವನ್‌ನಲ್ಲಿ. ಬರೋ ವಸಂತಕ್ಕೆ ಅಪ್ಪ, ಆಯಿ ಶಿರಸಿಯಿಂದ ಬರೋದು ಬಹುತೇಕ ಖಾತ್ರಿ. ಆಯಿಗೆ ಟ್ಯೂಲಿಪ್ ನೋಡೋ ಆಸೆ ಎಷ್ಟೋ ವರ್ಷದ್ದು. ಅಪ್ಪ ಜೀವನವಿಡೀ ಅಡಿಕೆ ತೋಟ ಮಾಡಿದವರು. "ಪಾರ್ಕಿನ ಹೂವು ನೋಡಲೆ ಅಷ್ಟು ದೂರ ಎಂತಕ್ಕೆ ಬರವು, ಬೆಳೆಯೋ ಗದ್ದೆ ತೋರ್ಸು" ಅಂತ ಅವರ ವಾದ.

ಯುಗಾದಿ ಮನೆಯಲ್ಲೇ ಮಾಡಿ ಹೊರಡ್ತಾರೆ, ಅಂದರೆ ಮಾರ್ಚ್ 19ರ ನಂತರ. ವಿಮಾನದ ಟಿಕೆಟ್ ಮಾರ್ಚ್ ಕೊನೆಗೆ ಅಗ್ಗ ಇದೆ, ಏಪ್ರಿಲ್ ಮಧ್ಯಕ್ಕೆ ದುಬಾರಿ. ಮಾರ್ಚ್‌ನಲ್ಲೇ ಕರೆಸಿಕೊಂಡರೆ ಗದ್ದೆ ಸಿಗುತ್ತಾ? ಆಯಿಗೆ ಮಂಡಿನೋವು, ಸೈಕಲ್ ಆಗಲ್ಲ, ತುಂಬ ನಡೆಯೋಕೂ ಆಗಲ್ಲ. ನಮ್ಮ ಹತ್ತಿರ ಕಾರಿಲ್ಲ, ಬೇಕಾದರೆ ಒಂದೆರಡು ದಿನ ಬಾಡಿಗೆಗೆ ತಗೋಬಹುದು. ಕ್ಯೂಕೆನ್‌ಹಾಫ್‌ಗೆ ಹೋದರೆ ಎಲ್ಲ ಮುಗೀತು ಅಂತ ಕೆಲವರು, ಅದೊಂದು ಜಾತ್ರೆ ಬಿಟ್ಟುಬಿಡು ಅಂತ ಕೆಲವರು. ನೋಡಿದವರು ಹೇಳಿ.

ಹಾರ್ಲೆಮ್_ಸೈಕಲ್:
ನೋಡ್ರಿ ಅಕ್ಕಾರ, ಮೊದಲ ಒಂದು ವಿಷಯ ಬಿಡಿಸಿ ಹೇಳಿಬಿಡ್ತೀನಿ, ಅರ್ಧ ಗೊಂದಲ ಅಲ್ಲೇ ಐತಿ. ಕ್ಯೂಕೆನ್‌ಹಾಫ್ ಬ್ಯಾರೆ, ಹೊಲ ಬ್ಯಾರೆ.

ಕ್ಯೂಕೆನ್‌ಹಾಫ್ ಲಿಸ್ಸೆ ಊರಾಗ ಇರೋ 32 ಹೆಕ್ಟೇರಿನ ತೋಟ. ನಮ್ಮ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಾನ ಎಂಟು ವಾರ ಎಳದಂಗ ಅನ್ಕೋರಿ. ಪ್ರತಿ ವರ್ಷ ಚಳಿಗಾಲ ಹತ್ತೂದಕ್ಕಿಂತ ಮೊದಲ ಸುಮಾರು 70 ಲಕ್ಷ ಗಡ್ಡಿ ಊರ್ತಾರ. ಒಂದ ಕುಣಿಯಾಗ ಪದರ ಪದರ ಮಾಡಿ, ಲಗೂನ ಅರಳೋವು ಮ್ಯಾಲೆ, ತಡಾ ಅರಳೋವು ಕೆಳಗ. ಹಿಂಗಾಗಿ ನೀವು ಯಾವ ವಾರ ಹೋದ್ರೂ ಏನರ ಒಂದು ಅರಳಿರ್ತೈತಿ. ಹೊರಗ ಥಂಡಿ ಜೋರ ಇದ್ರ ಒಳಗ ಗಾಜಿನ ಮನಿಗಳು ಅದಾವ. 2026ಕ್ಕ ಮಾರ್ಚ್ 19ಕ್ಕ ತೆಗೆದು ಮೇ 10ಕ್ಕ ಮುಚ್ಚತೈತಿ. ನಿಮ್ಮ ಯುಗಾದಿ ದಿನಾನ ಬಾಗಿಲು ತೆಗೀತೈತಿ ನೋಡ್ರಿ.

ಹೊಲದ್ದು ಹಂಗಲ್ಲ. ಅಲ್ಲಿ ರೈತ ನಿಮಗ ತೋರಿಸಾಕ ಬೆಳದಿಲ್ಲ. ಮಾರ್ಚ್‌ದಾಗ ಕ್ರೋಕಸ್, ಮಾರ್ಚ್ ಕೊನಿಯಿಂದ ಹಳದಿ ಡ್ಯಾಫೊಡಿಲ್, ಅದರ ಹಿಂದ ಹಯಸಿಂತ್. ಟ್ಯೂಲಿಪ್ ಅಂದ್ರ ಏಪ್ರಿಲ್ ಎರಡನೇ ವಾರದ ಮ್ಯಾಲೆ ಸುರು, ಮೇ ಮೊದಲ ವಾರದೊಳಗ ಖಾಲಿ. ಮಾರ್ಚ್ ಕೊನಿಗೆ ಕರಿಸಿದ್ರ ನಿಮ್ಮ ಅಪ್ಪಾರಿಗೆ ಹಸರ ಎಲಿ ತೋರಿಸಿ ಕಳಸಬೇಕಾಕ್ಕೈತಿ.

ಲೈಡನ್_ಮಾರಾಯ:
ಮೇಲಿನವರು ಹೇಳಿದ್ದು ಸರಿ ಉಂಟು, ಆದ್ರೆ ಆ ತಾರೀಕು ಕೂಡ ಕಲ್ಲಲ್ಲಿ ಬರೆದದ್ದಲ್ಲ ಮಾರಾಯ್ರೆ. 2021ರಲ್ಲಿ ಏಪ್ರಿಲ್ ಪೂರ್ತಿ ಚಳಿ, ಹೂವು ತಡ. 2024ರಲ್ಲಿ ಚಳಿಗಾಲವೇ ಬೆಚ್ಚಗೆ, ಏಪ್ರಿಲ್ ಮೊದಲ ವಾರದಲ್ಲೇ ಬಣ್ಣ ಬಂದಿತ್ತು. ಒಂದು ವಾರ ಆಚೆ, ಒಂದು ವಾರ ಈಚೆ ಇದ್ದೇ ಇರ್ತದೆ. ಟಿಕೆಟ್ ಮಾಡುವಾಗ ಏಪ್ರಿಲ್ 12ರಿಂದ 26ರ ನಡುವಿನ ದಿನಗಳು ಪೂರಾ ನಿಮ್ಮ ಕೈಯಲ್ಲಿರುವ ಹಾಗೆ ನೋಡಿಕೊಳ್ಳಿ. ಗದ್ದೆಗೆ ಇಂಥದ್ದೇ ದಿನ ಅಂತ ಕಟ್ಟಿ ಹಾಕಬೇಡಿ. ಮಾರ್ಚ್ ಮುಗಿದ ಮೇಲೆ ವಾರಕ್ಕೊಮ್ಮೆ ಯಾರಾದರೂ ಫೋಟೋ ಹಾಕ್ತಾರೆ, ನಾನೂ ಹಾಕ್ತೇನೆ, ನೋಡಿ ಹೊರಡಿ.

ಮತ್ತೆ ಕ್ಯೂಕೆನ್‌ಹಾಫ್ ಬಗ್ಗೆ ನನ್ನ ಅಭಿಪ್ರಾಯ: ಬಿಡಿ. ಇಪ್ಪತ್ತು ಯೂರೋ ಆಸುಪಾಸು ಕೊಟ್ಟು ಬೇರೆಯವರ ಬೆನ್ನು ನೋಡಿ ಬರೋದು.

ಅಮ್‌ಸ್ಟಲ್‌ವೇನ್_ಅಮ್ಮ:
ಬಿಡಿ ಅಂತ ಹೇಳೋದು ಸುಲಭ, ಮಂಡಿನೋವಿರೋರನ್ನ ಕರ್ಕೊಂಡು ಹೋಗಿ ನೋಡಿ ಆಮೇಲೆ ಹೇಳಿ. ಗದ್ದೆ ಬದಿಯಲ್ಲಿ ಶೌಚಾಲಯ ಎಲ್ಲಿದೆ? ಕೂರೋಕೆ ಬೆಂಚು ಎಲ್ಲಿದೆ? ಆಲಿಕಲ್ಲು ಮಳೆ ಬಂದ್ರೆ ಎಲ್ಲಿ ನಿಲ್ತೀರಿ? ಕ್ಯೂಕೆನ್‌ಹಾಫ್‌ನಲ್ಲಿ ದಾರಿ ಸಮತಟ್ಟು, ಹೆಜ್ಜೆಹೆಜ್ಜೆಗೂ ಬೆಂಚು, ಗಾಲಿಕುರ್ಚಿ ಸಿಗುತ್ತೆ (ಮೊದಲೇ ಕಾಯ್ದಿರಿಸಬೇಕು), ಬಿಸಿ ಕಾಫಿ ಸಿಗುತ್ತೆ. ನಮ್ಮತ್ತೆ ಅಲ್ಲಿ ಅರ್ಧ ದಿನ ಕೂತಿದ್ರು, ವಾಪಸ್ ಬರೋಕೆ ಮನಸ್ಸೇ ಇರ್ಲಿಲ್ಲ.

ಜನ ಜಾಸ್ತಿ ಅನ್ನೋದು ನಿಜ. ಬೆಳಗ್ಗೆ ಎಂಟಕ್ಕೆ ತೆಗೀತಾರೆ, ಸಂಜೆ ಏಳೂವರೆವರೆಗೆ ಇರುತ್ತೆ. ಟಿಕೆಟ್‌ಗೆ ಒಳಹೋಗೋ ಸಮಯ ನಿಗದಿ ಇರುತ್ತೆ, ಆನ್‌ಲೈನ್‌ನಲ್ಲೇ ತಗೋಬೇಕು. ಒಂದೋ ಮೊದಲ ಸಮಯ ತಗೊಳ್ಳಿ, ಇಲ್ಲಾ ಮೂರು ಗಂಟೆ ಮೇಲಿನದು. ಪ್ರವಾಸಿ ಬಸ್ಸುಗಳೆಲ್ಲ ಹತ್ತರಿಂದ ಮೂರರವರೆಗೆ. ಏಪ್ರಿಲ್ ಮಧ್ಯಕ್ಕೆ ಇಲ್ಲಿ ಎಂಟೂವರೆ ತನಕ ಬೆಳಕಿರುತ್ತೆ, ಸಂಜೆ ಹೋದ್ರೆ ಏನೂ ನಷ್ಟ ಇಲ್ಲ. ಶನಿವಾರ, ಭಾನುವಾರ ಮಾತ್ರ ಬೇಡವೇ ಬೇಡ, ಲಿಸ್ಸೆ ರಸ್ತೆಯಲ್ಲಿ ಕಾರು ಅಲುಗಾಡಲ್ಲ.

ಲೈಡನ್_ಮಾರಾಯ:
ಅಮ್ಮ ಹೇಳಿದ್ದಕ್ಕೆ ಎದುರು ಮಾತಾಡುವ ಧೈರ್ಯ ಇಲ್ಲ. ಹಿರಿಯರಿಗೆ ಕ್ಯೂಕೆನ್‌ಹಾಫ್, ಒಪ್ಪಿದೆ. ಆದ್ರೆ ಅಪ್ಪನಿಗೆ ಅದು ಸಾಕಾಗುವುದಿಲ್ಲ.

ಶಿರಸಿ_ಹುಡುಗಿ:
ಅದೇ ಸಮಸ್ಯೆ. ಆಯಿಗೆ ಒಂದು ದಿನ ಕ್ಯೂಕೆನ್‌ಹಾಫ್, ಅಪ್ಪನಿಗೆ ಒಂದು ದಿನ ಗದ್ದೆ. ಐಂಡ್‌ಹೋವನ್‌ನಿಂದ ದಿನಾ ಓಡಾಡೋದೋ, ಅಲ್ಲೇ ಒಂದೆರಡು ರಾತ್ರಿ ಉಳಿಯೋದೋ?

ಹಾರ್ಲೆಮ್_ಸೈಕಲ್:
ಉಳೀರಿ. ಐಂಡ್‌ಹೋವನ್‌ನಿಂದ ಟ್ರೇನಿನಾಗ ಲೈಡನ್ನಿಗೆ ಒಂದೂವರಿಯಿಂದ ಎರಡು ತಾಸು, ಮುಂದ ಬಸ್ಸು. ವಯಸ್ಸಾದವರಿಗೆ ಹೋಗಿ ಬರೂದರಾಗ ಜೀವ ಹಣ್ಣಾಕ್ಕೈತಿ. ಆಮ್‌ಸ್ಟರ್‌ಡ್ಯಾಮಿನಾಗ ಮಾತ್ರ ಹೋಟೆಲ್ ಮಾಡಬ್ಯಾಡ್ರಿ. ಅಲ್ಲಿ ಪ್ರವಾಸಿ ತೆರಿಗೆನ 12.5 ಪ್ರತಿಶತ, ಮ್ಯಾಲೆ 2026ರ ಜನವರಿಯಿಂದ ಇಡೀ ದೇಶದಾಗ ಹೋಟೆಲ್ ಕೋಣೆ ಮ್ಯಾಲಿನ ವ್ಯಾಟ್ 9ರಿಂದ 21ಕ್ಕ ಏರತೈತಿ. ಹಾರ್ಲೆಮ್ ಇಲ್ಲಾ ಲೈಡನ್, ಎರಡರಾಗ ಒಂದು. ಹೂವಿನ ಪಟ್ಟಿ ಸರಿಯಾಗಿ ಈ ಎರಡು ಊರಿನ ನಡುವ ಐತಿ: ಹಿಲ್ಲೆಗೊಮ್, ಲಿಸ್ಸೆ, ನೋರ್ಡ್‌ವೈಕರ್‌ಹೌಟ್, ಸಾಸೆನ್‌ಹೈಮ್, ಫೋರ್‌ಹೌಟ್.

ಈಗ ಪುಕ್ಕಟೆ ಉಪಾಯ ಒಂದು. ಹಾರ್ಲೆಮ್‌ನಿಂದ ಲೈಡನ್‌ಗೆ ಹೋಗೋ ಎಲ್ಲಾ ಸ್ಟೇಷನ್ನಿಗೆ ನಿಲ್ಲೋ ಸ್ಪ್ರಿಂಟರ್ ಗಾಡಿ ಹತ್ರಿ. ಹಿಲ್ಲೆಗೊಮ್ ದಾಟಿ ಫೋರ್‌ಹೌಟ್ ತನಕ ಹಳಿ ಹೊಲದ ನಟ್ಟನಡುವ ಹೋಗತೈತಿ. ಕೆಂಪು, ಹಳದಿ, ನೇರಳೆ ಪಟ್ಟಿ ಕಿಟಕಿ ಬಗಲಾಗ ಹಾಯ್ತಾವ. ಮಂಡಿಗೂ ತ್ರಾಸಿಲ್ಲ, ಕಿಸೆಗೂ ತ್ರಾಸಿಲ್ಲ. ಆಯಿಯವರಿಗೆ ಎರಡ ಸಲ ಹಾಯ್ಕೊಂಡ ಬರ್ರಿ ಬೇಕಾದ್ರ.

ಕಲಬುರಗಿ_ಬಿಸಿಲು:
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ಇಷ್ಟೆಲ್ಲ ವೀಸಾ, ಯೂರೋ ಯಾಕ? ಶ್ರೀನಗರದಾಗ ದಾಲ್ ಸರೋವರದ ಬಾಜೂಕ, ಜಬರ್ವಾನ್ ಬೆಟ್ಟದ ಬುಡಕ್ಕ ಇಂದಿರಾ ಗಾಂಧಿ ಸ್ಮಾರಕ ಟ್ಯೂಲಿಪ್ ಉದ್ಯಾನ ಅದ. ಸುಮಾರು 30 ಹೆಕ್ಟೇರ್, 15 ಲಕ್ಷಕ್ಕೂ ಮಿಕ್ಕಿ ಗಡ್ಡೆ. ಮಾರ್ಚ್ ಕೊನೆ ವಾರಕ್ಕ ತೆರೀತಾರ, ಒಂದು ತಿಂಗಳು ನಡೀತದ. ಹಿಂದ ಹಿಮದ ಬೆಟ್ಟ, ಮುಂದ ಹೂವು. ಹಾಲೆಂಡ್‌ನಾಗ ಬೆಟ್ಟ ಎಲ್ಲಿಂದ ತರ್ತೀರಿ?

ಶಿರಸಿ_ಹುಡುಗಿ:
ಹ್ಹಹ್ಹ, ಬೆಟ್ಟದ ವಿಷಯದಲ್ಲಿ ನೀವೇ ಗೆದ್ದಿರಿ. ಆದರೆ ಅವರು ಬರ್ತಿರೋದು ಮುಖ್ಯವಾಗಿ ಮೊಮ್ಮಗನನ್ನ ನೋಡೋಕೆ. ಟ್ಯೂಲಿಪ್ ಒಂದು ನೆಪ.

ಅಮ್‌ಸ್ಟಲ್‌ವೇನ್_ಅಮ್ಮ:
ಶ್ರೀನಗರದ ಗಡ್ಡೆಗಳೂ ಹಾಲೆಂಡಿನಿಂದಲೇ ತರಿಸಿದ್ದು ಅನ್ನೋದನ್ನ ಕಲಬುರಗಿಯವರ ಗಮನಕ್ಕೆ ತರ್ತಾ... ಆದ್ರೆ ವೀಸಾ ಇಲ್ಲದೋರಿಗೆ ನಾನೂ ಅದನ್ನೇ ಹೇಳೋದು. ಚೆನ್ನಾಗಿದೆ. ಅದೂ ಮೆಟ್ಟಿಲು ಮೆಟ್ಟಿಲಾಗಿ ಇರೋ ಉದ್ಯಾನ, ಗದ್ದೆ ಅಲ್ಲ ಅಷ್ಟೇ.

ಗುಂಡ್ಲುಪೇಟೆ_ಗೌಡ:
ನಾನು ಊರಲ್ಲೇ ಇರೋನು, ಹಾಲೆಂಡ್‌ಗೀಲೆಂಡ್ ನೋಡಿಲ್ಲ. ಬೇಸಾಯದವನಾಗಿ ಒಂದು ಅನುಮಾನ. ಹೂವು ಬೆಳೆಯೋದು ಕಿತ್ತು ಮಾರೋಕೆ ತಾನೆ? ಹಂಗಾದ್ರೆ ಅರಳಿರೋದನ್ನ ಹೊಲದಲ್ಲೇ ಯಾಕೆ ಬಿಟ್ಟಿರ್ತಾರೆ? ನಮ್ಮಲ್ಲಿ ಚೆಂಡು ಹೂವು ಅರಳ್ತಿದ್ದಂಗೆ ಕುಯ್ದು ಕಾರ್ಖಾನೆಗೆ ಹೊಡೀತೀವಿ.

ಹಾರ್ಲೆಮ್_ಸೈಕಲ್:
ಗೌಡ್ರ, ಈ ಪ್ರಶ್ನೆ ಕೇಳಿದ್ದಕ್ಕ ನಿಮಗ ಒಂದು ದೊಡ್ಡ ಶರಣು. ಇಲ್ಲಿ ಇಷ್ಟ ವರ್ಷ ಇದ್ದವರಿಗೂ ಗೊತ್ತಿರೂದಿಲ್ಲ.

ಹೊಲದ ಟ್ಯೂಲಿಪ್ ಬೆಳೆಯೂದು ಹೂವಿಗಲ್ರಿ, ನೆಲದಾಗಿನ ಗಡ್ಡಿಗೆ. ಅಂಗಡಿಯಾಗ ಕಟ್ಟು ಕಟ್ಟಿ ಮಾರೋ ಹೂವು ಚಳಿಗಾಲದಾಗ ಗಾಜಿನ ಮನಿಯಾಗ ಬೆಳದದ್ದು. ಹೊಲದಾಗ ಏನ್ ಆಗತೈತಿ ಅಂದ್ರ: ಅಕ್ಟೋಬರ್-ನವೆಂಬರ್‌ದಾಗ ಗಡ್ಡಿ ಊರ್ತಾರ. ಚಳಿಗಾಲದ ಥಂಡಿ ಅದಕ್ಕ ಬೇಕ ಬೇಕು, ಥಂಡಿ ಹತ್ತಲಿಲ್ಲಂದ್ರ ಹೂವಿನ ದೇಟು ಮ್ಯಾಲೆ ಏಳೂದಿಲ್ಲ. ಏಪ್ರಿಲ್‌ದಾಗ ಅರಳತೈತಿ. ಅರಳಿದ ಮ್ಯಾಲೆ ಸಾಲಿನಾಗ ಅಡ್ಡಾಡಿ ಬಣ್ಣ ಬೆರಕಿ ಆಗಿದ್ದು, ರೋಗ ಹತ್ತಿದ್ದು ಕಿತ್ತ ಹಾಕ್ತಾರ. ಹೂವು ಅರಳದ ಬಣ್ಣ ತಿಳಿಯೂದಿಲ್ಲ, ಅದಕ್ಕ ಅಷ್ಟ ದಿನ ಬಿಟ್ಟಿರ್ತಾರ. ಆಮ್ಯಾಲೆ ಯಂತ್ರ ತಂದು ಹೂವಿನ ತಲಿ ಕತ್ತರಿಸಿ ಒಗೀತಾರ! ಎಲಿ ಉಳೀತಾವ. ಬೀಜ ಕಟ್ಟಾಕ ಹೋಗೋ ಶಕ್ತಿ ಎಲ್ಲಾ ಗಡ್ಡಿಗೆ ಇಳೀತೈತಿ. ಜೂನ್-ಜುಲೈಕ್ಕ ಎಲಿ ಹಳದಿ ಆದ ಮ್ಯಾಲೆ ಅಗೀತಾರ. ತಾಯಿ ಗಡ್ಡಿ ಹೋಗಿ ಮರಿ ಗಡ್ಡಿ ಆಗಿರ್ತಾವ, ದಪ್ಪವು ಮಾರಾಟಕ್ಕ, ಸಣ್ಣವು ಮತ್ತ ಹೊಲಕ್ಕ.

ಅದಕ್ಕ ಪ್ರವಾಸಿಗರಿಗೆ ಇದು ಅನ್ಯಾಯ ಅನಸತೈತಿ. ಇವತ್ತ ಕೆಂಪಗ ಇದ್ದ ಹೊಲ ನಾಳೆ ಮುಂಜಾನೆ ಹಸರ ಆಗಿರ್ತೈತಿ. ಒಣಗಿದ್ದಲ್ಲ, ತಲಿ ಹೊಡದದ್ದು.

ಗುಂಡ್ಲುಪೇಟೆ_ಗೌಡ:
ಆಲೂಗಡ್ಡೆ ಲೆಕ್ಕ ಅನ್ನಿ! ಈಗ ಅರ್ಥ ಆಯ್ತು. ಕತ್ತರಿಸಿದ ಹೂವು ಏನ್ಮಾಡ್ತಾರೆ? ಅದನ್ನೂ ಮಾರಬೋದಿತ್ತಲ್ಲ.

ಹಾರ್ಲೆಮ್_ಸೈಕಲ್:
ದೇಟಿಲ್ಲದ ಹೂವು ಯಾರು ಕೊಳ್ಳತಾರ್ರಿ ಇಲ್ಲಿ. ಗಿಡದ ಮ್ಯಾಲೆ ಬಿದ್ದ ಪಕಳಿ ಕೊಳತು ಬೂಷ್ಟು ಹತ್ತಬಾರದಂತ ಕಾಳಜಿ ತಗೋತಾರ, ಉಳಿದದ್ದು ಗೊಬ್ಬರ. ಹಯಸಿಂತ್, ಡ್ಯಾಫೊಡಿಲ್ ಹೂವು ಪೋಣಿಸಿ ಮಾಲಿ ಮಾಡಿ ರಸ್ತೆ ಬದಿಗೆ ಮಾರೋ ರೂಢಿ ಈ ಭಾಗದಾಗ ಐತಿ, ಜನ ಅದನ್ನ ಕಾರಿನ ಮುಂದ ಕಟ್ಕೊಂಡು ಹೋಗ್ತಿದ್ರು. ಆಯುಧ ಪೂಜಿ ನೆನಪಾಗಲಿಲ್ಲಂದ್ರ ನಮ್ಮವರ ಅಲ್ಲ.

ಶಿರಸಿ_ಹುಡುಗಿ:
ಇದನ್ನ ಈಗಷ್ಟೇ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. "ತಲೆ ಕತ್ತರಿಸೋ ಯಂತ್ರ ನೋಡಲೇಬೇಕು" ಅಂತಿದ್ದಾರೆ. ಆಯಿ ಹಿಂದಿನಿಂದ "ಅದಕ್ಕೂ ಮೊದಲೇ ಹೋಗೋಣ" ಅಂತ ಕೂಗಿದರು. ಅಪ್ಪನ ಇನ್ನೊಂದು ಪ್ರಶ್ನೆ: ಮಣ್ಣು ಯಾವುದು, ನೀರು ಎಲ್ಲಿಂದ?

ಹಾರ್ಲೆಮ್_ಸೈಕಲ್:
ನಮ್ಮ ಕಡೆ, ಅಂದ್ರ ಲಿಸ್ಸೆ-ಹಿಲ್ಲೆಗೊಮ್ ಭಾಗಕ್ಕ, ಸಮುದ್ರದ ಮರಳು ದಿಬ್ಬ ತೆಗೆದು ಸಮ ಮಾಡಿದ ಸುಣ್ಣದ ಮರಳು. ನೀರು ನಿಲ್ಲೂದಿಲ್ಲ, ಗಡ್ಡಿ ಕೊಳಿಯೂದಿಲ್ಲ. ಹೊಲದ ಸುತ್ತ ಕಾಲುವೆ ಐತಿ, ಅದರಾಗಿನ ನೀರಿನ ಮಟ್ಟ ಏರಿಸಿ ಇಳಿಸಿ ಬೇರಿನ ಕೆಳಗ ಯಾವಾಗಲೂ ಹದಾ ಇರೂ ಹಂಗ ಇಟ್ಟಿರ್ತಾರ. ಫ್ಲೆವೊಲ್ಯಾಂಡ್ ಕಡೆ ಹೋದ್ರ ಬ್ಯಾರೆ, ಅಲ್ಲಿ ಸಮುದ್ರದ ತಳದ ಜೇಡಿಮಣ್ಣು.

ಉರ್ಕ್_ದಾರಿಹೋಕ:
ಫ್ಲೆವೊಲ್ಯಾಂಡ್ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಅಪ್ಪನವರಿಗೆ ಗದ್ದೆಯೇ ಬೇಕಿದ್ದರೆ ಲಿಸ್ಸೆ ಭಾಗಕ್ಕಿಂತ ಆ ಪ್ರಾಂತ್ಯದ ನೋರ್ಡ್‌ಓಸ್ಟ್‌ಪೋಲ್ಡರ್ ಕಡೆಗೇ ಕರೆದುಕೊಂಡು ಹೋಗಿ ಎಂಬುದು ನನ್ನ ಗಟ್ಟಿ ಸಲಹೆ. ಲಿಸ್ಸೆಯ ಸುತ್ತ ಹೊಲಗಳು ಚಿಕ್ಕವು, ನಡುವೆ ಮನೆ, ಗೋದಾಮು, ರಸ್ತೆ. ಇಲ್ಲಿ ಎಮ್ಮೆಲೋರ್ಡ್, ಕ್ರೈಲ್, ಎಸ್ಪೆಲ್ ಸುತ್ತ ಹೊಲದ ಇನ್ನೊಂದು ತುದಿ ಕಾಣದಷ್ಟು ಉದ್ದದ ಪಟ್ಟಿಗಳು. 1932ರಲ್ಲಿ ಆಫ್‌ಸ್ಲೌಟ್‌ಡೈಕ್ ಎಂಬ ಒಡ್ಡು ಕಟ್ಟಿ ಸಮುದ್ರವನ್ನು ಹೊರಗೆ ನಿಲ್ಲಿಸಿದರು, ಆಮೇಲೆ ಸುತ್ತ ಏರಿ ಹಾಕಿ ನೀರು ಹೊರಗೆತ್ತಿದರು. 1942ರ ಹೊತ್ತಿಗೆ ಈ ನೆಲ ಒಣಗಿತ್ತು. ಪಕ್ಕದ ಉರ್ಕ್ ಆ ಏರಿ ಬರುವವರೆಗೆ ದ್ವೀಪವಾಗಿತ್ತು, ಈಗ ಅಲ್ಲಿಗೆ ಕಾರಿನಲ್ಲೇ ಹೋಗಬಹುದು. ಕೃಷಿಕರಿಗೆ ಹೂವಿಗಿಂತ ಈ ಕಥೆಯೇ ಹಿಡಿಸುತ್ತದೆ.

ಟ್ಯೂಲಿಪ್ ಸಮಯದಲ್ಲಿ ಕಾರಿಗೇ ಪ್ರತ್ಯೇಕವಾಗಿ ಗುರುತು ಹಾಕಿದ ದಾರಿ ಇರುತ್ತದೆ, ಫಲಕ ನೋಡಿಕೊಂಡು ಹೋದರೆ ಸಾಕು. ನಿಮ್ಮ ತಾಯಿಯವರು ಕಾರಿನಿಂದ ಇಳಿಯದೆಯೂ ನೋಡಬಹುದು. ಐಂಡ್‌ಹೋವನ್‌ನಿಂದ ಕಾರಿನಲ್ಲಿ ಎರಡು ಗಂಟೆ ಹಿಡಿಯಿರಿ. ಬಸ್ಸು ನಂಬಿಕೊಂಡು ಮಾತ್ರ ಬರಬೇಡಿ.

ಇನ್ನೊಂದು ಮುಖ್ಯ ವಿಷಯ. ಹೋದ ವರ್ಷದ ಇನ್‌ಸ್ಟಾಗ್ರಾಂ ಚಿತ್ರ ನೋಡಿ ಗೂಗಲ್ ಮ್ಯಾಪಿನಲ್ಲಿ ಗುರುತು ಇಟ್ಟುಕೊಂಡು ಬರುವವರು ಬಹಳ. ಅಲ್ಲಿಗೆ ಹೋದರೆ ಈರುಳ್ಳಿ ಇರುತ್ತದೆ. ಒಂದೇ ನೆಲದಲ್ಲಿ ವರ್ಷವರ್ಷವೂ ಟ್ಯೂಲಿಪ್ ಹಾಕಿದರೆ ಮಣ್ಣಿನ ರೋಗ ಬಿಡುವುದಿಲ್ಲ. ಹಾಗಾಗಿ ಆಲೂಗಡ್ಡೆ, ಸಕ್ಕರೆ ಬೀಟ್, ಈರುಳ್ಳಿ ಎಂದು ಬದಲಿಸುತ್ತ ಹಲವು ವರ್ಷ ಬಿಟ್ಟು ಮತ್ತೆ ಅದೇ ಹೊಲಕ್ಕೆ ಬರುತ್ತಾರೆ. ಬೆಳೆಗಾರರು ಬೇರೆಯವರ ಜಮೀನು ಗುತ್ತಿಗೆ ಹಿಡಿಯುವುದೂ ಇದಕ್ಕೇ. ಆ ವರ್ಷದ ನಕ್ಷೆ ಬರುವವರೆಗೆ ಕಾಯಿರಿ.

ಲೈಡನ್_ಮಾರಾಯ:
ಇದು ಲಾಯ್ಕ್ ಉಂಟು. ನನಗೇ ಗೊತ್ತಿರಲಿಲ್ಲ ಈರುಳ್ಳಿ ಕಥೆ.

ಸಿಯಾಟಲ್_ಸೀನ:
ಅಮೆರಿಕದಲ್ಲಿರೋ ಕನ್ನಡದವರು ಯಾರಾದ್ರೂ ಓದ್ತಿದ್ರೆ: ಹಾಲೆಂಡ್ ಆಗ್ಲಿಲ್ಲ ಅಂದ್ರೆ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆ ಇದೆ. ಸಿಯಾಟಲ್‌ನಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಆಸುಪಾಸು, ಮೌಂಟ್ ವೆರ್ನನ್ ಊರಿನ ಸುತ್ತ. ಏಪ್ರಿಲ್ ಪೂರ್ತಿ ಹಬ್ಬ. ಅಲ್ಲಿ ಬೆಟ್ಟವೂ ಇದೆ, ಕಲಬುರಗಿ ಸಾಹೇಬ್ರಿಗೆ ತೃಪ್ತಿ ಆಗ್ಬಹುದು.

ಕಲಬುರಗಿ_ಬಿಸಿಲು:
ಆತು, ಅಲ್ಲಿಗೂ ವೀಸಾ ಬೇಕಲ್ಲರೀ.

ಗುಂಡ್ಲುಪೇಟೆ_ಗೌಡ:
ಫೋಟೋ ಅಂದಿದ್ದಕ್ಕೆ ನೆನಪಾಯ್ತು. ನಮ್ಮ ಕಡೆ ಸೂರ್ಯಕಾಂತಿ ಅರಳಿದಾಗ ಊಟಿಗೆ ಹೋಗೋರೆಲ್ಲ ರಸ್ತೆ ಪಕ್ಕ ಕಾರ್ ನಿಲ್ಸಿ ಹೊಲಕ್ಕೆ ನುಗ್ತಾರೆ. ಗಿಡ ಮುರಿದು ಹೋಗುತ್ತೆ. ಈಗ ಕೆಲವರು ತಲೆಗೆ ಇಷ್ಟು ಅಂತ ದುಡ್ಡು ಇಸ್ಕೊಂಡು ಒಳಗೆ ಬಿಡ್ತಾರೆ, ಅದೇ ವಾಸಿ ಅನ್ಸಿದೆ. ಅಲ್ಲಿ ಹೆಂಗೆ?

ಹಾರ್ಲೆಮ್_ಸೈಕಲ್:
ಇಲ್ಲೂ ಅದ ಗೋಳು ಗೌಡ್ರ. ಸಾಲಿನಾಗ ಮಲಕೊಂಡು ಫೋಟೋ ತೆಗಸ್ಕೋತಾರ. ದೇಟು ಮುರಿಯೂದು ಸಣ್ಣ ಮಾತು, ಬೂಟಿನ ಕೆಸರಿನಾಗ ಒಂದು ಹೊಲದ ರೋಗ ಇನ್ನೊಂದಕ್ಕ ಹೋಗತೈತಿ. ಅದಕ್ಕ ಹಗ್ಗ ಕಟ್ಟಿ, ಫಲಕ ಹಾಕಿರ್ತಾರ. ಕಾಲುವೆ ದಾಟಿ ಒಳಗ ಹೋಗಬ್ಯಾಡ್ರಿ, ರೈತ ಬಂದು ಬೈದ್ರ ಡಚ್ ತಿಳೀಲಾರದಿದ್ರೂ ತಿಳೀತೈತಿ. ಹೂವಿನ ನಡುವ ನಿಂತ ಫೋಟೋ ಬೇಕ ಬೇಕು ಅಂದ್ರ ಹಣ ಕೊಟ್ಟು ಒಳಗ ಬಿಡೋ ತೋಟ ಅದಾವ, ನಿಮ್ಮ ಕೈಯಾರೆ ಹೂವು ಕಿತ್ಕೊಂಡು ಬರಬಹುದು. ಅವಕ್ಕ ಪ್ಲುಕ್‌ಟೌನ್ ಅಂತಾರ. ಹಿಲ್ಲೆಗೊಮ್, ನೋರ್ಡ್‌ವೈಕರ್‌ಹೌಟ್ ಕಡೆ ಸಾಕಷ್ಟು ಸಿಗತಾವ.

ಅಮ್‌ಸ್ಟಲ್‌ವೇನ್_ಅಮ್ಮ:
ಹೊಲದ ಹೂವು ಮುಟ್ಟಿ ಮುಖಕ್ಕೆ ಹಚ್ಕೊಳ್ಳೋದೂ ಬೇಡ, ಔಷಧಿ ಹೊಡೆದಿರ್ತಾರೆ. ಈ ಔಷಧಿ ವಿಷಯಕ್ಕೆ ಹೊಲದ ಪಕ್ಕದ ಮನೆಯವರಿಗೂ ಬೆಳೆಗಾರರಿಗೂ ಇಲ್ಲಿ ಜಗಳ ನಡೀತಾನೇ ಇದೆ. ಚಿತ್ರದಲ್ಲಿ ಅದು ಕಾಣಲ್ಲ.

ಈಗ ವೀಸಾಗೆ ಬರೋಣ, ಇದರಲ್ಲಿ ತಡ ಮಾಡಿದ್ರೆ ಉಳಿದ ಯೋಜನೆಯೆಲ್ಲ ನೀರಿಗೆ. ಹೊರಡೋ ದಿನಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕ್ಬಹುದು. ಕನಿಷ್ಠ ಹದಿನೈದು ದಿನ ಮೊದಲು ಅನ್ನೋದು ನಿಯಮ, ಆದ್ರೆ ಅವರು ನಲವತ್ತೈದು ದಿನದವರೆಗೂ ತಗೋಬಹುದು. ಅರ್ಜಿ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ಶುಲ್ಕ ಒಬ್ಬರಿಗೆ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅಪ್ಪ-ಅಮ್ಮನಿಗೆ ಮೊದಲಿನಿಂದ ಇರೋ ಕಾಯಿಲೆಗೆ ವಿಮೆ ಏನು ಕೊಡುತ್ತೆ ಅಂತ ಸಣ್ಣ ಅಕ್ಷರ ಓದಿ ತಗೊಳ್ಳಿ. ನೀವು ಪ್ರಾಯೋಜಕರಾಗೋದಾದ್ರೆ ಅದಕ್ಕೊಂದು ಫಾರಂ ಇದೆ, ನಿಮ್ಮ ಸಹಿಯನ್ನ ಹೆಮೇಂಟೆಯಲ್ಲಿ, ಅಂದ್ರೆ ನಿಮ್ಮೂರಿನ ಪುರಸಭೆ ಕಚೇರಿಯಲ್ಲಿ, ದೃಢೀಕರಿಸಿ ಮೂಲ ಪ್ರತಿಯನ್ನೇ ಊರಿಗೆ ಕಳಿಸ್ಬೇಕು. ಅದಕ್ಕೆ ಸಮಯ ಗೊತ್ತುಮಾಡಿಕೊಂಡೇ ಹೋಗ್ಬೇಕು, ಈಗ್ಲೇ ಮಾಡಿ.

ಶಿರಸಿ_ಹುಡುಗಿ:
ಹೆಮೇಂಟೆ ವಿಷಯ ಹೇಳಿದ್ದು ಒಳ್ಳೇದಾಯ್ತು. ಊಟದ ಬಗ್ಗೆಯೂ ಹೇಳಿಬಿಡಿ. ಇಬ್ಬರೂ ಮೊಟ್ಟೆ ಮುಟ್ಟಲ್ಲ.

ಅಮ್‌ಸ್ಟಲ್‌ವೇನ್_ಅಮ್ಮ:
ಹಾಗಾದ್ರೆ ಬುತ್ತಿ ಕಟ್ಟಿ. ಚಪಾತಿ-ಪಲ್ಯ, ಮೊಸರನ್ನ, ಅಷ್ಟೇ. ಕ್ಯೂಕೆನ್‌ಹಾಫ್‌ನಲ್ಲಿ ಕೂತು ತಿನ್ನೋಕೆ ಜಾಗ ಬೇಕಾದಷ್ಟಿದೆ. ಪೊಫ್ಫೆರ್ಚೆಸ್ ನೋಡೋಕೆ ನಮ್ಮ ಪಡ್ಡಿನ ತಂಗಿ, ಆದ್ರೆ ಹಿಟ್ಟಿಗೆ ಮೊಟ್ಟೆ ಹಾಕಿರ್ತಾರೆ. ಫ್ರಿಟ್, ಅಂದ್ರೆ ಆಲೂಗಡ್ಡೆ ಕರಿದಿದ್ದು, ಕೆಲವು ಕಡೆ ದನದ ಕೊಬ್ಬಲ್ಲಿ ಕರೀತಾರೆ, ಕೇಳಿ ತಗೊಳ್ಳಿ. ಚೀಸ್‌ನಲ್ಲೂ ಹಾಲು ಒಡೆಸೋಕೆ ಕರುವಿನ ಹೊಟ್ಟೆಯ ಅಂಶ ಹಾಕಿರೋದೇ ಹೆಚ್ಚು. ಇದನ್ನ ಹಿರಿಯರಿಗೆ ತಿಂದಾದ ಮೇಲೆ ಹೇಳೋದಕ್ಕಿಂತ ಮೊದಲೇ ಹೇಳೋದು ಮೇಲು.

ಬಟ್ಟೆ: ಶಿರಸಿ ಮಳೆ ನೋಡಿದೋರಿಗೆ ಮಳೆ ಹೆದರಿಕೆ ಇರಲ್ಲ, ಗಾಳಿ ಹೆದರಿಸುತ್ತೆ. ಹಗಲು ಹನ್ನೆರಡು-ಹದಿಮೂರು ಡಿಗ್ರಿ ಇರುತ್ತೆ, ಗಾಳಿಗೆ ಆರೇಳು ಅನ್ಸುತ್ತೆ. ಛತ್ರಿ ತಿರುಚಿಕೊಳ್ಳುತ್ತೆ, ಟೋಪಿ ಇರೋ ಮಳೆ ಕೋಟು ಕೊಡ್ಸಿ. ಕಿವಿ ಮುಚ್ಚೋ ಮಂಕಿ ಟೋಪಿ ಬ್ಯಾಗಲ್ಲಿ ಇದ್ದೇ ಇರುತ್ತೆ, ಬಿಡಿ.

ಲೈಡನ್_ಮಾರಾಯ:
ಬಸ್ಸಿನ ವಿಷಯ ನಾನು ಹೇಳ್ತೇನೆ. ಹೂವಿನ ಕಾಲದಲ್ಲಿ ಲೈಡನ್ ಸ್ಟೇಷನ್ ಎದುರಿಂದ ಕ್ಯೂಕೆನ್‌ಹಾಫ್‌ಗೆ 854 ನಂಬರ್ ಬಸ್ಸು, ಸ್ಖಿಪೋಲ್ ವಿಮಾನ ನಿಲ್ದಾಣದಿಂದ 858. ಅರ್ಧ ಗಂಟೆ ಆಚೀಚೆ. ಪ್ರವೇಶ ಮತ್ತು ಬಸ್ಸು ಸೇರಿಸಿದ ಟಿಕೆಟ್ ಸಿಗ್ತದೆ, ಅದು ತೆಗೆದುಕೊಳ್ಳುವುದೇ ಒಳ್ಳೆಯದು. ಟ್ರೇನಿಗೆ ಬ್ಯಾಂಕ್ ಕಾರ್ಡ್ ತಾಗಿಸಿ ಹತ್ತಬಹುದು, ಇಳಿದು ಮತ್ತೆ ತಾಗಿಸಬೇಕು. ಆದ್ರೆ ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಿನಲ್ಲಿ ಮೂವರು ಹೋಗಲಿಕ್ಕೆ ಆಗುವುದಿಲ್ಲ. ಊರಿನ ಕಾರ್ಡ್ ತರುವುದಾದ್ರೆ ರುಪೇ ಅಲ್ಲ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರುವುದು ತರ್ಲಿ, ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆ ತೆರೆದಿಟ್ಟು.

ಲೈಡನ್‌ಗೆ ಬಂದದ್ದೇ ಆದ್ರೆ ಹೊರ್ಟಸ್ ಸಸ್ಯೋದ್ಯಾನ ತಪ್ಪಿಸಬೇಡಿ. 1593ರಲ್ಲಿ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಇಲ್ಲಿಗೆ ಬಂದು ಟ್ಯೂಲಿಪ್ ನೆಟ್ಟದ್ದು, ಮರುವರ್ಷ ಅರಳಿತು. ಹೂವಿನ ಮೂಲ ಮಧ್ಯ ಏಷ್ಯಾದ ಬೆಟ್ಟಗಳು, ತುರ್ಕಿಯವರ ಕೈ ದಾಟಿ ಇಲ್ಲಿಗೆ ಬಂದದ್ದು. ಅವನ ತೋಟದ ಮಾದರಿ ಈಗಲೂ ಕಾಣಬಹುದು, ಸಣ್ಣದು, ಆಯಿಗೆ ನಡೆಯಲಿಕ್ಕೂ ಕಷ್ಟ ಇಲ್ಲ.

ಹಾರ್ಲೆಮ್_ಸೈಕಲ್:
ಹಂಗ ಅಂದ್ರ ನಮ್ಮ ಹಾರ್ಲೆಮ್ ಯಾಕ ಬಿಡ್ತೀರಿ. 1637ರ ಫೆಬ್ರವರಿಯಾಗ ಒಂದು ಹರಾಜಿನಾಗ ಗಡ್ಡಿ ಕೂಗವರ ಬರಲಿಲ್ಲ, ಅಲ್ಲಿಂದ ಟ್ಯೂಲಿಪ್ ಬೆಲಿ ಕುಸೀತು ಅಂತಾರಲ್ಲ, ಅದು ಇದ ಊರಾಗ. ಆಗ ಎಲ್ಲಕ್ಕಿಂತ ತುಟ್ಟಿ ಇದ್ದದ್ದು ಬಿಳೀ ಮ್ಯಾಲೆ ಕೆಂಪ ಗೆರಿ ಇದ್ದ ಹೂವು. ಆ ಗೆರಿ ಬಂದದ್ದು ಗಿಡದ ಹೇನು ಹರಡೋ ವೈರಸ್‌ನಿಂದ! ಅವತ್ತ ಬಂಗಾರದ ಬೆಲಿಗೆ ಕೊಂಡ ರೋಗಾನ ಇವತ್ತ ಹೊಲದಾಗ ಹುಡುಕಿ ಕಿತ್ತ ಒಗೀತಾರ. ಹಳೀ ತಳಿ ನೋಡೂ ಹುಚ್ಚಿದ್ರ ಅಲ್ಕ್‌ಮಾರ್ ಹತ್ರ ಲಿಮ್ಮೆನ್ ಊರಾಗ ಹೊರ್ಟಸ್ ಬಲ್ಬೋರಮ್ ಐತಿ. 1595ರ ತಳಿ ಸೈತ ಉಳಿಸಿಕೊಂಡಾರ. ಗದ್ದಲಿಲ್ಲ. ನನಗ ಕ್ಯೂಕೆನ್‌ಹಾಫ್‌ಕಿಂತ ಅದ ಸೇರತೈತಿ.

ಶಿರಸಿ_ಹುಡುಗಿ:
ಸರಿ, ಇಷ್ಟು ಓದಿ ಒಂದು ಯೋಜನೆ ಮಾಡಿದ್ದೀನಿ. ತಪ್ಪಿದ್ದರೆ ಈಗಲೇ ಬೈಯಿರಿ. ಏಪ್ರಿಲ್ 8ರ ಸುಮಾರಿಗೆ ಬರ್ತಾರೆ, ಮೇ ಮೊದಲ ವಾರ ವಾಪಸ್. ಬಂದ ಮೇಲೆ ಚಳಿಗೆ ಹೊಂದಿಕೊಳ್ಳೋಕೆ ಒಂದು ವಾರ ಮನೆ. ಆಮೇಲೆ ಒಂದು ಮಂಗಳವಾರ ಹಾರ್ಲೆಮ್‌ಗೆ ಹೋಗಿ ಉಳಿಯೋದು, ಬುಧವಾರ ಬೆಳಗ್ಗೆ ಎಂಟಕ್ಕೇ ಕ್ಯೂಕೆನ್‌ಹಾಫ್, ಸಂಜೆ ಸ್ಪ್ರಿಂಟರ್ ಗಾಡಿಯ ಕಿಟಕಿ. ಗದ್ದೆಗೆ ದಿನ ಗೊತ್ತುಮಾಡಲ್ಲ. ನಕ್ಷೆ, ಹವಾಮಾನ ನೋಡಿ ಹಿಂದಿನ ದಿನ ಕಾರು ಹಿಡಿದು ನೋರ್ಡ್‌ಓಸ್ಟ್‌ಪೋಲ್ಡರ್. ಹೂವಿನ ಮೆರವಣಿಗೆ ಮತ್ತು ಏಪ್ರಿಲ್ 27ರ ರಾಜನ ದಿನ (ಇಲ್ಲಿನ ರಾಜನ ಹುಟ್ಟುಹಬ್ಬ), ಎರಡನ್ನೂ ಸೇರಿಸಬಹುದಾ?

ಹಾರ್ಲೆಮ್_ಸೈಕಲ್:
ಯೋಜನೆ ಭಾರಿ ಐತಿ. ಮೆರವಣಿಗೆ ಏಪ್ರಿಲ್ ನಡುವಿನ ಒಂದು ಶನಿವಾರ, ನೋರ್ಡ್‌ವೈಕ್‌ನಿಂದ ಹಾರ್ಲೆಮ್ ತನಕ ಸುಮಾರು 42 ಕಿಲೋಮೀಟರ್. ಮುಂಜಾನೆ ಹೊಂಟಿದ್ದು ನಮ್ಮೂರಿಗೆ ಬರೂದ್ರಾಗ ರಾತ್ರಿ ಆಕ್ಕೈತಿ. ಆಯಿಯವರನ್ನ ನಿಲ್ಲಿಸಬ್ಯಾಡ್ರಿ. ಮರುದಿನ ಭಾನುವಾರ ಆ ರಥಗಳನ್ನ ಹಾರ್ಲೆಮ್ ಊರಾಗ ನಿಲ್ಲಿಸಿರ್ತಾರ, ಹತ್ರ ಹೋಗಿ ಮೂಸಿ ನೋಡಬಹುದು. ಹಯಸಿಂತ್ ವಾಸನಿ ಅರ್ಧ ಊರಿಗೆ ಬಡೀತೈತಿ.

ಅಮ್‌ಸ್ಟಲ್‌ವೇನ್_ಅಮ್ಮ:
ರಾಜನ ದಿನ ಸೋಮವಾರ ಬಿದ್ದಿದೆ, ಜೊತೆಗೆ ಶಾಲೆಗಳಿಗೆ ಮೇ ರಜೆಯೂ ಶುರುವಾಗಿರುತ್ತೆ. ಆವತ್ತು ಟ್ರೇನ್ ಹತ್ತಲೇಬೇಡಿ. ಐಂಡ್‌ಹೋವನ್‌ನಲ್ಲೇ ಬೀದಿಯಲ್ಲಿ ಮಕ್ಕಳು ಹಳೇ ಆಟಿಕೆ ಹರಡಿಕೊಂಡು ಮಾರ್ತಿರ್ತಾರೆ, ತಾತ ಮೊಮ್ಮಗನನ್ನ ಕರ್ಕೊಂಡು ಹೋಗ್ಲಿ. ಗದ್ದೆ ಆ ವಾರಕ್ಕೆ ಮೊದಲೇ ಮುಗಿಸಿ.

ಉರ್ಕ್_ದಾರಿಹೋಕ:
ಒಪ್ಪಿದೆ. ಒಂದೇ ತಿದ್ದುಪಡಿ: ಒಂದು ವೇಳೆ ಆ ವರ್ಷ ತಡವಾಗಿ, ಏಪ್ರಿಲ್ 25ರ ನಂತರವೂ ಹೂವು ಇದ್ದರೆ ಇನ್ನೂ ಉತ್ತರಕ್ಕೆ, ಸ್ಖಾಗೆನ್ ಮತ್ತು ಅನ್ನಾ ಪೌಲೋನಾ ಕಡೆ ಹೋಗಿ. ಸಮುದ್ರದ ತಂಪಿಗೆ ಅಲ್ಲಿ ಕೆಲವು ದಿನ ಹೆಚ್ಚು ಉಳಿಯುತ್ತದೆ. ತಲೆ ಕತ್ತರಿಸುವ ಯಂತ್ರವೂ ಆಗ ಓಡಾಡುತ್ತಿರುತ್ತದೆ, ತಂದೆಯವರ ಆಸೆ ತೀರುತ್ತದೆ.

ಶಿರಸಿ_ಹುಡುಗಿ:
ಎಲ್ಲರಿಗೂ ಧನ್ಯವಾದ. ಕೊನೇದೊಂದು. ಆಯಿ ಆಗಲೇ ಗಡ್ಡೆ ತಂದು ಶಿರಸಿ ಮನೆ ಅಂಗಳದಲ್ಲಿ ಹಾಕೋ ಮಾತಾಡ್ತಿದ್ದಾರೆ. ಸಾಧ್ಯವಾ?

ಗುಂಡ್ಲುಪೇಟೆ_ಗೌಡ:
ಥಂಡಿ ಹತ್ತದೆ ದೇಟು ಏಳಲ್ಲ ಅಂತ ಮೇಲೆ ಅವರೇ ಹೇಳಿದ್ರಲ್ಲ ತಾಯಿ. ಶಿರಸಿ ಚಳಿ ಅದಕ್ಕೆ ಸಾಲುತ್ತಾ?

ಹಾರ್ಲೆಮ್_ಸೈಕಲ್:
ಸಾಲೂದಿಲ್ಲ. ಮೂರು ತಿಂಗಳ ಮ್ಯಾಲೆ ಫ್ರಿಜ್ಜಿನಾಗ ಇಟ್ಟು ಕುಂಡದಾಗ ಹಾಕಿದ್ರ ಒಂದು ಸಲ ಅರಳಬಹುದು, ಮರುವರ್ಷ ಎಲಿ ಅಷ್ಟ. ಅಲ್ಲದ ಏಪ್ರಿಲ್‌ದಾಗ ಅಂಗಡಿಯಾಗ ಸಿಗೋ ಒಣ ಗಡ್ಡಿ ಕೊಳ್ಳಬ್ಯಾಡ್ರಿ. ಅದು ಹೋದ ಬ್ಯಾಸಗಿಯಾಗ ಅಗದದ್ದು, ಹೋದ ಚಳಿಗಾಲಕ್ಕ ಮೊದಲ ನೆಲಕ್ಕ ಹೋಗಬೇಕಿತ್ತು. ಕ್ಯೂಕೆನ್‌ಹಾಫ್‌ನಾಗ ಆರ್ಡರ್ ಕೊಟ್ರ ಅದಕ್ಕ ಶರತ್ಕಾಲದಾಗ ಮನಿಗೆ ಕಳಸತಾರ.

ಅಮ್‌ಸ್ಟಲ್‌ವೇನ್_ಅಮ್ಮ:
ಊರಿಗೆ ಒಯ್ಯೋಕೆ ಸಸ್ಯ ಆರೋಗ್ಯ ಪ್ರಮಾಣಪತ್ರ, ಭಾರತದ ಆಮದು ಪರವಾನಗಿ ಎಲ್ಲ ಬೇಕು. ಸೂಟ್‌ಕೇಸಿನಲ್ಲಿ ಸೀರೆ ನಡುವೆ ಬಚ್ಚಿಡೋ ಉಪಾಯ ಆಯಿಗೆ ಹೇಳ್ಕೊಡಬೇಡಿ. ಆರ್ಡರ್ ಐಂಡ್‌ಹೋವನ್ ವಿಳಾಸಕ್ಕೇ ಕೊಡಿ. ಅಕ್ಟೋಬರ್‌ನಲ್ಲಿ ಬರುತ್ತೆ, ಬಾಲ್ಕನಿ ಕುಂಡಕ್ಕೆ ಗಡ್ಡೆಯ ಎತ್ತರದ ಮೂರರಷ್ಟು ಆಳಕ್ಕೆ ಹಾಕಿ. ಆಯಿಗೆ ವಿಡಿಯೋ ಕಾಲ್‌ನಲ್ಲಿ ತೋರ್ಸಿದ್ರಾಯ್ತು.

ಶಿರಸಿ_ಹುಡುಗಿ:
ಹೆಮೇಂಟೆಯಲ್ಲಿ ಬರೋ ಗುರುವಾರಕ್ಕೆ ಸಮಯ ಸಿಕ್ಕಿದೆ. ಮಾರ್ಚ್ ಕೊನೆಗೆ ಲೈಡನ್ ಮಾರಾಯರ ಫೋಟೋಗೆ ಕಾಯ್ತಿರ್ತೀನಿ, ಮರೀಬೇಡಿ.

ಲೈಡನ್_ಮಾರಾಯ:
ಹಾಕ್ತೇನೆ ಮಾರಾಯ್ರೆ. ಹಸಿರು ಎಲೆ ಮಾತ್ರ ಇದ್ರೂ ಹಾಕ್ತೇನೆ.